‘ಆಗದಂತೆ’ ಎನ್ನುವ ಮೊದಲು

“ಕನ್ನಡ ಪಂಡಿತರಿಗೆ ಕಂಪ್ಯೂಟರಿನ ಗೊಡವೆ ಏಕೆ?” ಎಂದು ಈ ಲೇಖನವನ್ನು ಕಂಡ ಕೂಡಲೇ ಕೆಲವರಾದರೂ ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಸಂಧಿ ಸಮಾಸಗಳನ್ನು ಬಿಡಿಸಿ ಹೇಳುವುದು ನನ್ನ ವೃತ್ತಿಯೇ ಹೊರತು ಯಂತ್ರಗಳನ್ನು ಬಿಚ್ಚಿ ನೋಡುವುದಲ್ಲ. ಆದರೂ ಇತ್ತೀಚೆಗೆ ನಮ್ಮ ವಿದ್ಯಾರ್ಥಿಗಳ ಮನೆಗಳಿಂದ ಮತ್ತೆ ಮತ್ತೆ ಕೇಳಿಬಂದ ಒಂದು ಮಾತು ನನ್ನನ್ನು ಈ ವಿಷಯದ ಕಡೆಗೆ ಎಳೆಯಿತು. “ನಮ್ಮ ಕಂಪ್ಯೂಟರ್ ಇನ್ನು ಆಗದಂತೆ; ಹೊಸತೇ ತೆಗೆಯಬೇಕಂತೆ” ಎಂಬುದೇ ಆ ಮಾತು. ಇದರಲ್ಲಿ ‘ಆಗದು’ ಎಂಬ ಕ್ರಿಯಾಪದವಿದೆ. ಎರಡು ಕಡೆ ‘ಅಂತೆ’ ಇದೆ. ತಾನು ಕಣ್ಣಾರೆ ಕಾಣದುದನ್ನು ಹೇಳುವಾಗಲೇ ಕನ್ನಡಿಗನ ಬಾಯಲ್ಲಿ ‘ಅಂತೆ’ ಬರುವುದು. ಹಾಗಾದರೆ ಯಾವುದು ಆಗದು, ಏಕೆ ಆಗದು, ಹೇಳಿದವರು ಏನನ್ನು ನೋಡಿ ಹೇಳಿದರು ಎಂದು ವಿಚಾರಿಸುವುದು ಭಾಷೆ ಕಲಿಸುವವನ ಕೆಲಸವೂ ಹೌದಷ್ಟೆ.

ಸಂಗತಿ ಇಷ್ಟು. ನಮ್ಮ ಹಲವು ಮನೆಗಳ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ 2015ನೆಯ ಜುಲೈ 29ರಂದು ಹೊರಬಂದಿತ್ತು. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಕಂಪೆನಿ 2025ನೆಯ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆ ದಿನ ಯಂತ್ರಗಳೇನೂ ನಿಂತುಹೋಗಲಿಲ್ಲ. ಹೊಸದಾಗಿ ಕಂಡುಬರುವ ಲೋಪಗಳಿಗೆ ತೇಪೆ ಹಾಕುವ ಕೆಲಸ ಮಾತ್ರ ನಿಂತಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ನೆಯ ಅಕ್ಟೋಬರ್ 13ರ ವರೆಗೆ ಭದ್ರತೆಯ ತೇಪೆಗಳು ದೊರೆಯುವಂತೆ ಕಂಪೆನಿ ಏರ್ಪಾಡು ಮಾಡಿತು. ಆಮೇಲಿನ ದಾರಿ ವಿಂಡೋಸ್ 11. ಅದು 2021ನೆಯ ಅಕ್ಟೋಬರ್ 5ರಂದೇ ಬಂದಿದ್ದರೂ ಅದಕ್ಕೆ ಏರಬೇಕಾದರೆ ಕೆಲವು ಷರತ್ತುಗಳುಂಟು. ಷರತ್ತು ಪೂರೈಸದ ಯಂತ್ರದ ಪರದೆಯಲ್ಲಿ ‘ಈ ಕಂಪ್ಯೂಟರಿನಲ್ಲಿ ವಿಂಡೋಸ್ 11 ನಡೆಯದು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಮೂಡುತ್ತದೆ. ಆ ಒಂದು ವಾಕ್ಯವನ್ನು ಕಂಡು ಎದೆಗುಂದಿದವರು ಎಷ್ಟೋ ಮಂದಿ.

2025ನೆಯ ನವೆಂಬರ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ ಶಾಲೆಗೆ ಬಂದರು. ಅಡಿಕೆ ತೋಟದಲ್ಲಿ ದುಡಿಯುವವರು. ಮಗಳ ಓದಿಗೆಂದು ಮೂರು ವರ್ಷಗಳ ಹಿಂದೆ ಬಳಸಿದ ಕಂಪ್ಯೂಟರೊಂದನ್ನು ಕ್ರಯಕ್ಕೆ ಪಡೆದಿದ್ದರು. “ಮಾಸ್ಟ್ರೇ, ಮಗಳ ಕಂಪ್ಯೂಟರಿಗೆ ಹೊಸ ವಿಂಡೋಸ್ ಆಗುವುದಿಲ್ಲವಂತೆ. ಒಳಗೆ ಎಂತದೋ ಚಿಪ್ ಇಲ್ಲವಂತೆ. ಇವಳ ಅಮ್ಮನ ಬಳೆ ಬ್ಯಾಂಕಿನಲ್ಲಿಟ್ಟು ಹೊಸತು ತೆಗೆಯುವುದಾ, ಎಂತ ಮಾಡುವುದಾ ಅಂತ ಗೊತ್ತಾಗುವುದಿಲ್ಲ” ಎಂದರು. “ಬಳೆ ಕೈಯಲ್ಲೇ ಇರಲಿ. ಒಂದು ವಾರ ತಡೆಯಿರಿ, ಮೊದಲು ಯಂತ್ರವನ್ನು ನೋಡೋಣ” ಎಂದೆ.

ಒಂದು ವಾರ ತಡೆಯಿರಿ ಎಂದುದಕ್ಕೆ ಕಾರಣವಿದೆ. ಅದಕ್ಕೂ ಒಂದು ವರ್ಷ ಮೊದಲು ನನ್ನ ಮನೆಯ ಕಂಪ್ಯೂಟರಿನಲ್ಲಿ ಇದೇ ವಾಕ್ಯ ಕಂಡಿತ್ತು. “ಸೆಟ್ಟಿಂಗಿನಲ್ಲಿ ಲೆಗಸಿ ಅಂತ ಇದ್ದದ್ದನ್ನು ಯು.ಇ.ಎಫ್.ಐ. ಅಂತ ಮಾಡಿದರೆ ಮುಗಿಯಿತು” ಎಂದು ಪರಿಚಯದವರೊಬ್ಬರು ಹೇಳಿದರು. ಹೇಳಿದ್ದನ್ನು ಹಿಂದು ಮುಂದು ನೋಡದೆ ಮಾಡಿದೆ. ಪರದೆ ಕಪ್ಪಾಯಿತು. ಆರಂಭಿಸಲು ಯೋಗ್ಯವಾದ ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದು ಸಾಲು ಬಿಟ್ಟರೆ ಮತ್ತೇನೂ ಇಲ್ಲ. ಆ ಯಂತ್ರದೊಳಗೆ ಇದೇ ವಾರ್ಷಿಕ ಸಂಚಿಕೆಗಾಗಿ ಮಕ್ಕಳು ಬರೆದುಕೊಟ್ಟಿದ್ದ ಮೂವತ್ತೆರಡು ಲೇಖನ, ಕವಿತೆಗಳನ್ನು ನಾನು ಬೆರಳಚ್ಚು ಮಾಡಿ ಇಟ್ಟಿದ್ದೆ. ಬೇರೆಲ್ಲಿಯೂ ಪ್ರತಿ ತೆಗೆದಿರಲಿಲ್ಲ. ಮಕ್ಕಳ ಕೈಬರೆಹದ ಹಾಳೆಗಳಲ್ಲಿ ಅರ್ಧಕ್ಕರ್ಧ ಆಗಲೇ ಎಲ್ಲೆಲ್ಲೋ ಸೇರಿಹೋಗಿದ್ದವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಬಾರಿ ವಿವರಿಸಿದ್ದೇನೆಂದು ಲೆಕ್ಕವಿಲ್ಲ. ಅದರ ಅರ್ಥ ನನಗೆ ತಿಳಿದದ್ದು ಆ ರಾತ್ರಿ. ಬೆಳಗ್ಗೆ ಎದ್ದು, ಬದಲಿಸಿದ್ದನ್ನು ಮೊದಲಿದ್ದಂತೆಯೇ ‘ಲೆಗಸಿ’ ಎಂದು ಮಾಡಿದೆ. ಕಂಪ್ಯೂಟರ್ ಎಂದಿನಂತೆ ಎದ್ದಿತು. ಮೂವತ್ತೆರಡು ಬರೆಹಗಳೂ ಇದ್ದಲ್ಲೇ ಇದ್ದವು.

ಏನು ನಡೆದಿತ್ತು ಎಂಬುದನ್ನು ಆಮೇಲೆ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡೆ. ನಮ್ಮ ನಾಡಿನ ಮಕ್ಕಳಿಗೆ ಯಕ್ಷಗಾನದ ಉದಾಹರಣೆಯಿಂದ ಅದನ್ನು ಹೇಳುವುದು ಸುಲಭ. ಪ್ರಸಂಗ ಒಮ್ಮೆಗೇ ಆರಂಭವಾಗುವುದಿಲ್ಲ. ಚೌಕಿಯಲ್ಲಿ ಪೂಜೆಯಾಗಬೇಕು, ಕೇಳಿ ಬಡಿಯಬೇಕು, ಪೂರ್ವರಂಗ ಮುಗಿಯಬೇಕು, ಆಮೇಲಷ್ಟೆ ಒಡ್ಡೋಲಗ. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಗುಂಡಿ ಒತ್ತಿದೊಡನೆ ಏಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲಿರುವ ಸಣ್ಣದೊಂದು ಚಿಪ್ಪಿನಲ್ಲಿ ತಯಾರಕರೇ ತುಂಬಿಟ್ಟ ತಂತ್ರಾಂಶ ಮೊದಲು ಏಳುತ್ತದೆ. ಇದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಸ್ಮೃತಿ ಸರಿಯಿದೆಯೆ, ಕೀಲಿಮಣೆ ಉಂಟೆ, ಡಿಸ್ಕ್ ಎಲ್ಲಿದೆ ಎಂದು ಪರೀಕ್ಷಿಸಿ, ಬಳಿಕ ಆಪರೇಟಿಂಗ್ ಸಿಸ್ಟಮನ್ನು ರಂಗಕ್ಕೆ ಕರೆದು ತಾನು ಹಿಂದೆ ಸರಿಯುತ್ತದೆ. ಪೂರ್ವರಂಗವೇ ಕೆಟ್ಟರೆ ಎಂತಹ ಪ್ರಸಂಗವಿದ್ದರೂ ಏನು ಫಲ?

ಈ ಫರ್ಮ್‌ವೇರಿನಲ್ಲಿ ಎರಡು ಸಂಪ್ರದಾಯಗಳಿವೆ. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಕಾಲದಿಂದ ನಡೆದುಬಂದದ್ದು ಬಯೋಸ್. ಅದರ ಸ್ಥಾನಕ್ಕೆ ಬಂದದ್ದು ಯು.ಇ.ಎಫ್.ಐ.; ಅದನ್ನು ರೂಪಿಸುವ ಕಂಪೆನಿಗಳ ಒಕ್ಕೂಟ 2005ರಲ್ಲಿ ಹುಟ್ಟಿತು. ಹಲವು ಯಂತ್ರಗಳು ಯು.ಇ.ಎಫ್.ಐ. ಆಗಿದ್ದರೂ ಹಳೆಯದರಂತೆ ನಟಿಸಬಲ್ಲವು. ಆ ನಟನೆಯ ಹೆಸರೇ ‘ಲೆಗಸಿ’. ಡಿಸ್ಕಿನಲ್ಲಿಯೂ ಎರಡು ಬಗೆ ಉಂಟು. ಪುಸ್ತಕಕ್ಕೆ ಪರಿವಿಡಿ ಇದ್ದಂತೆ, ಡಿಸ್ಕಿನಲ್ಲಿ ಯಾವ ಭಾಗ ಎಲ್ಲಿಂದ ಆರಂಭವೆಂದು ತಿಳಿಸುವ ಪಟ್ಟಿಯಿರುತ್ತದೆ. ಹಳೆಯ ಬಗೆಯ ಪಟ್ಟಿ ಎಂ.ಬಿ.ಆರ್., ಹೊಸ ಬಗೆಯದು ಜಿ.ಪಿ.ಟಿ. ಯು.ಇ.ಎಫ್.ಐ. ಕ್ರಮದಲ್ಲಿ ವಿಂಡೋಸ್ ಏಳಬೇಕಾದರೆ ಡಿಸ್ಕಿನಲ್ಲಿ ಜಿ.ಪಿ.ಟಿ. ಇರಬೇಕು. ನನ್ನ ಡಿಸ್ಕಿನಲ್ಲಿದ್ದದ್ದು ಎಂ.ಬಿ.ಆರ್. ನಾನು ಓದುವವನನ್ನು ಬದಲಿಸಿದೆ, ಪರಿವಿಡಿಯನ್ನು ಬದಲಿಸಲಿಲ್ಲ. ಪುಸ್ತಕ ಕಳೆದುಹೋಗಿರಲಿಲ್ಲ, ಅದರ ಪರಿವಿಡಿ ಓದುವವನಿಗೆ ತಿಳಿಯಲಿಲ್ಲ, ಅಷ್ಟೆ. ಈ ಎರಡರ ನಡುವಣ ಅಂತರ ತಿಳಿಯದೆ ನಾನೊಂದು ರಾತ್ರಿಯ ನಿದ್ದೆ ಕಳೆದುಕೊಂಡೆ. ತಿಳಿಯದ ಇನ್ನೊಬ್ಬರು ಡಿಸ್ಕನ್ನೇ ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಿಬಿಟ್ಟಾರು!

ಇನ್ನು ಎರಡು ಷರತ್ತುಗಳಿವೆ. ಒಂದು, ಸೆಕ್ಯೂರ್ ಬೂಟ್. ಆರಂಭಕ್ಕೆ ಕರೆಯುವ ತಂತ್ರಾಂಶಕ್ಕೆ ನಂಬತಕ್ಕವರ ಡಿಜಿಟಲ್ ಸಹಿ ಇದೆಯೇ ಎಂದು ನೋಡಿ, ಇಲ್ಲವಾದರೆ ಒಳಗೆ ಬಿಡದ ಕಾವಲು ಇದು. ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲೇ ನುಸುಳಿ ಅಡಗುವ ದುಷ್ಟ ತಂತ್ರಾಂಶಗಳಿರುವುದರಿಂದ ಇಂತಹ ಕಾವಲು ಬೇಕಾಯಿತು. ವಿಂಡೋಸ್ 11 ಕೇಳುವುದು ಯಂತ್ರಕ್ಕೆ ಈ ಸಾಮರ್ಥ್ಯ ಇರಬೇಕೆಂದು. ಚಾಲೂ ಇಟ್ಟರೆ ಒಳ್ಳೆಯದು. ಎರಡನೆಯದು, ಟಿ.ಪಿ.ಎಂ. 2.0. ಗುಪ್ತ ಕೀಲಿಗಳನ್ನು ಕಾಪಾಡುವ ಪೆಟ್ಟಿಗೆ ಎಂದು ಇದನ್ನು ತಿಳಿಯಬಹುದು. ಇದು ಬೇರೆ ಚಿಪ್ಪಾಗಿಯೇ ಇರಬೇಕೆಂದಿಲ್ಲ. ಇಂಟೆಲ್ ಯಂತ್ರಗಳಲ್ಲಿ ಪಿ.ಟಿ.ಟಿ. ಎಂಬ ಹೆಸರಿನಲ್ಲಿ, ಎ.ಎಂ.ಡಿ. ಯಂತ್ರಗಳಲ್ಲಿ ಎಫ್.ಟಿ.ಪಿ.ಎಂ. ಎಂಬ ಹೆಸರಿನಲ್ಲಿ ಫರ್ಮ್‌ವೇರಿನೊಳಗೇ ಇರಬಹುದು. ಎಷ್ಟೋ ಡೆಸ್ಕ್‌ಟಾಪುಗಳಲ್ಲಿ ಇದು ಇದ್ದೂ ‘ಡಿಸೇಬಲ್ಡ್’ ಎಂಬ ಸ್ಥಿತಿಯಲ್ಲಿರುತ್ತದೆ. ಆಗ ವಿಂಡೋಸಿಗೆ ಅದು ಕಾಣಿಸುವುದಿಲ್ಲ. ಇದ್ದೂ ಕಾಣದ್ದನ್ನು ನೋಡಿ ‘ಇಲ್ಲ’ ಎಂದರೆ, ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ ಆಗುವುದಿಲ್ಲವೆ?

ಇಲ್ಲಿಯೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ‘ಆಗದು’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಮಾತುಗಳು ಅಡಗಿವೆ. ಅವನ್ನು ಬಿಡಿಸಿ ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಮೊದಲನೆಯದು ‘ಮಲಗಿದೆ’. ಟಿ.ಪಿ.ಎಂ., ಸೆಕ್ಯೂರ್ ಬೂಟ್, ಯು.ಇ.ಎಫ್.ಐ. ಕ್ರಮ ಇವೆಲ್ಲ ಇದ್ದೂ ಮಲಗಿರಬಹುದು, ಎಬ್ಬಿಸಿದರೆ ಸಾಕು. ಎರಡನೆಯದು ‘ಸಾಲದು’. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ಸ್ಮೃತಿಯೂ 64 ಜಿ.ಬಿ. ಸಂಗ್ರಹವೂ ಬೇಕು, ಕಡಿಮೆಯಿದ್ದರೆ ಅನೇಕ ಯಂತ್ರಗಳಲ್ಲಿ ಆ ಒಂದನ್ನೇ ಸೇರಿಸಿಕೊಳ್ಳಬಹುದು. ಮೂರನೆಯದು ನಿಜವಾದ ‘ಇಲ್ಲ’. ಪ್ರೊಸೆಸರ್ ಹಳೆಯದಾದರೆ ಸೆಟ್ಟಿಂಗಿನಿಂದ ಅದನ್ನು ಹೊಸತು ಮಾಡಲು ಬಾರದು. ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅನಂತರದವು, ಎ.ಎಂ.ಡಿ.ಯ ರೈಜನ್ 2000 ಶ್ರೇಣಿ ಮತ್ತು ಅನಂತರದವು ಅಂಗೀಕೃತ ಪಟ್ಟಿಯಲ್ಲಿವೆ. ನನ್ನ ಮನೆಯ ಯಂತ್ರದ್ದು ಆರನೆಯ ತಲೆಮಾರು. ಅದಕ್ಕೆ ನಿಜವಾಗಿಯೂ ಆಗದು. ಪಟ್ಟಿಯನ್ನು ಮೊದಲೇ ಓದಿದ್ದರೆ ಆ ರಾತ್ರಿಯ ಸಾಹಸವೇ ಬೇಕಿರಲಿಲ್ಲ.

ಆ ವಿದ್ಯಾರ್ಥಿನಿಯ ಕಂಪ್ಯೂಟರನ್ನು ಒಂದು ಶನಿವಾರ ಅವರ ಮನೆಯ ಜಗಲಿಯಲ್ಲಿಯೇ ಕುಳಿತು ನೋಡಿದೆವು. ಮೊದಲ ಅರ್ಧ ಗಂಟೆ ಏನನ್ನೂ ಬದಲಿಸಲಿಲ್ಲ, ಓದಿದೆವು ಅಷ್ಟೆ. ವಿಂಡೋಸಿನ ‘ಸಿಸ್ಟಮ್ ಇನ್ಫರ್ಮೇಶನ್’ ಎಂಬ ಪುಟದಲ್ಲಿ ‘ಬಯೋಸ್ ಮೋಡ್’ ಎಂಬಲ್ಲಿ ‘ಲೆಗಸಿ’ ಎಂದಿತ್ತು. ಪ್ರೊಸೆಸರ್ ಇಂಟೆಲ್‌ನ ಎಂಟನೆಯ ತಲೆಮಾರಿನದು. ಸ್ಮೃತಿ 8 ಜಿ.ಬಿ. ಮೈಕ್ರೋಸಾಫ್ಟಿನ ‘ಪಿ.ಸಿ. ಹೆಲ್ತ್ ಚೆಕ್’ ಎಂಬ ಪರೀಕ್ಷೆ ಎರಡೇ ಕೊರತೆಗಳನ್ನು ತೋರಿಸಿತು: ಟಿ.ಪಿ.ಎಂ. ಕಾಣುತ್ತಿಲ್ಲ, ಸೆಕ್ಯೂರ್ ಬೂಟ್ ಬೆಂಬಲವಿಲ್ಲ. ಹುಡುಗಿ ಇವೆಲ್ಲವನ್ನೂ ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡಳು. ಬಳಿಕ ಅವಳ ಪಾಠ, ಚಿತ್ರಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಆ ಪ್ರತಿ ತೆರೆಯುತ್ತದೆಯೇ ಎಂದೂ ನೋಡಿದೆವು.

ಅನಂತರ ಯಂತ್ರವನ್ನು ಆರಿಸಿ, ಮತ್ತೆ ಹೊತ್ತಿಸುವಾಗ ‘ಡಿಲೀಟ್’ ಕೀಲಿ ಒತ್ತಿ ಫರ್ಮ್‌ವೇರಿನ ಪುಟಕ್ಕೆ ಹೋದೆವು. ಈ ಕೀಲಿ ಎಲ್ಲ ಯಂತ್ರಗಳಲ್ಲಿ ಒಂದೇ ಅಲ್ಲ. ಎಫ್2, ಎಫ್10, ಎಸ್ಕೇಪ್ ಹೀಗೆ ತಯಾರಕರನ್ನು ಅನುಸರಿಸಿ ಬೇರೆಯಾಗುತ್ತದೆ. ಪ್ರತಿಯೊಂದು ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು, ಏನನ್ನೂ ಉಳಿಸದೆ ಹೊರಬಂದೆವು. ಚಿತ್ರಗಳನ್ನು ನಿಧಾನವಾಗಿ ಓದಿದಾಗ ಒಂದು ಕಡೆ ‘ಪಿ.ಟಿ.ಟಿ. – ಡಿಸೇಬಲ್ಡ್’ ಎಂದು ಕಂಡಿತು. “ಚಿಪ್ ಉಂಟಲ್ಲಾ ಸರ್!” ಎಂದಳು ಹುಡುಗಿ. ಮತ್ತೊಂದು ಸಂಗತಿಯನ್ನೂ ಅವಳೇ ಕಂಡುಹಿಡಿದಳು. ಪುಟದ ಮೂಲೆಯಲ್ಲಿದ್ದ ತಾರೀಕು ಎಷ್ಟೋ ವರ್ಷ ಹಿಂದಿನದು. ಮದರ್‌ಬೋರ್ಡಿನಲ್ಲಿರುವ 3 ವೋಲ್ಟಿನ ಬಟನ್ ಬ್ಯಾಟರಿ ಸತ್ತಿತ್ತು. ಅದು ಸತ್ತರೆ ಅನೇಕ ಯಂತ್ರಗಳಲ್ಲಿ ಕರೆಂಟು ಹೋದಾಗಲೆಲ್ಲ ತಾರೀಕೂ ಸೆಟ್ಟಿಂಗುಗಳೂ ಮೊದಲಿನ ಸ್ಥಿತಿಗೆ ಮರಳುತ್ತವೆ. ದಿನಕ್ಕೆರಡು ಸಲ ಕರೆಂಟು ಹೋಗುವ ನಮ್ಮ ಊರಿನಲ್ಲಿ ಇದನ್ನು ಬಿಟ್ಟು ಮುಂದೆ ಹೋಗಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು.

ಬ್ಯಾಟರಿ ಬದಲಿಸಿ, ಮುಂದಿನ ಶನಿವಾರ, ಮಿಂಚು ಗುಡುಗಿಲ್ಲದ ಬೆಳಗ್ಗಿನ ಹೊತ್ತಿನಲ್ಲಿ ಕೆಲಸಕ್ಕೆ ತೊಡಗಿದೆವು. ಎಂ.ಬಿ.ಆರ್. ಪಟ್ಟಿಯನ್ನು ಜಿ.ಪಿ.ಟಿ.ಗೆ ಬದಲಿಸುವ ಉಪಕರಣ ವಿಂಡೋಸ್ 10ರೊಳಗೇ 2017ರಿಂದ ಇದೆ. ಅದರಲ್ಲಿ ಮೊದಲು ಪರೀಕ್ಷೆ ಮಾತ್ರ ಮಾಡುವ ಅವಕಾಶವುಂಟು. ಡಿಸ್ಕಿನಲ್ಲಿ ಮುಖ್ಯ ಭಾಗಗಳು ಮೂರಕ್ಕಿಂತ ಹೆಚ್ಚಿದ್ದರೆ, ಅಥವಾ ವಿಸ್ತರಿಸಿದ ಭಾಗಗಳಿದ್ದರೆ, ಅದು ಅಲ್ಲಿಗೇ ನಿಲ್ಲುತ್ತದೆ. ನಮ್ಮದು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಪಟ್ಟಿಯನ್ನು ಬದಲಿಸಿದ ಮೇಲೆ ಫರ್ಮ್‌ವೇರಿಗೆ ಹೋಗಿ ಲೆಗಸಿಯನ್ನು ಯು.ಇ.ಎಫ್.ಐ. ಮಾಡಿದೆವು, ಯಂತ್ರ ಎದ್ದಿತು. ಆಮೇಲೆ ಪಿ.ಟಿ.ಟಿ. ಚಾಲೂ ಮಾಡಿದೆವು, ಎದ್ದಿತು. ಆಮೇಲೆ ಸೆಕ್ಯೂರ್ ಬೂಟ್, ಎದ್ದಿತು. ಒಂದೊಂದಾಗಿ ಮಾಡಿದ್ದರಿಂದ, ಎಲ್ಲಾದರೂ ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಕೂಡಲೇ ತಿಳಿಯುತ್ತಿತ್ತು. ಹೆಲ್ತ್ ಚೆಕ್ ಈ ಬಾರಿ ಎಲ್ಲ ಷರತ್ತುಗಳೂ ಪೂರೈಸಿವೆ ಎಂದಿತು. ಖರ್ಚಾದದ್ದು ನಾಣ್ಯದಷ್ಟಗಲದ ಒಂದು ಬ್ಯಾಟರಿಗೆ ಮಾತ್ರ. ಹುಡುಗಿಯ ತಾಯಿ ಚಹಾದ ಲೋಟ ನೀಡುವಾಗ ಅವರ ಕೈಯ ಬಳೆಗಳನ್ನು ಕಂಡು ನನಗೆ ಸಮಾಧಾನವಾಯಿತು.

ಆದರೆ ಎಲ್ಲರ ಕತೆಯೂ ಹೀಗೆಯೇ ಮುಗಿಯುತ್ತದೆಂದು ಹೇಳಿದರೆ ಸುಳ್ಳಾದೀತು. ನನ್ನ ಯಂತ್ರದಂತೆ ‘ಇಲ್ಲ’ ಎಂಬ ಉತ್ತರ ಬಂದರೆ ಏನು ಮಾಡಬೇಕು? ಪರೀಕ್ಷೆಯನ್ನು ತಪ್ಪಿಸಿ ಒಳನುಗ್ಗುವ ಅಡ್ಡದಾರಿಗಳುಂಟು ಎಂದು ಕೆಲವರು ಹೇಳುತ್ತಾರೆ. ಅಂತಹ ಯಂತ್ರಗಳಿಗೆ ಮುಂದಿನ ಅಪ್‌ಡೇಟುಗಳ ಖಾತರಿಯಿಲ್ಲವೆಂದು ಕಂಪೆನಿಯೇ ತಿಳಿಸಿದೆ. ಮಕ್ಕಳ ಓದಿನ ಯಂತ್ರಕ್ಕೆ ಆ ದಾರಿ ಬೇಡವೆಂಬುದು ನನ್ನ ಮತ. ಅದಕ್ಕಿಂತ ಒಳ್ಳೆಯ ದಾರಿ ನಮ್ಮ ಶಾಲೆಯಲ್ಲೇ ಇದೆ. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನು/ಲಿನಕ್ಸ್ ಸ್ವತಂತ್ರ ತಂತ್ರಾಂಶದ ಮೇಲೆಯೇ ನಮ್ಮ ಮಕ್ಕಳು ಐ.ಟಿ. ಪಾಠ ಕಲಿಯುತ್ತಾರೆ. ನನ್ನ ಹಳೆಯ ಯಂತ್ರ ಈಗ ಗ್ನು/ಲಿನಕ್ಸಿನಲ್ಲಿ ನಡೆಯುತ್ತಿದೆ. ಈ ಲೇಖನ ಬೆರಳಚ್ಚಾದದ್ದೂ ಅದರಲ್ಲೇ. ಭದ್ರತೆಯ ಬೀಗ ಬೇಕೆಂಬುದನ್ನು ಒಪ್ಪೋಣ. ಆದರೆ ಚೆನ್ನಾಗಿ ನಡೆಯುವ ಯಂತ್ರವನ್ನು ಒಂದು ವಾಕ್ಯ ಕಂಡು ಗುಜರಿಗೆ ಹಾಕುವುದು ವಿವೇಕವಲ್ಲ.

“ಮಕ್ಕಳ ಕೈಗೆ ಇಂತಹ ಸೂಕ್ಷ್ಮ ಸಂಗತಿಗಳನ್ನು ಕೊಟ್ಟರೆ ಇದ್ದದ್ದೂ ಕೆಟ್ಟೀತು” ಎಂದು ಹೆತ್ತವರು ಅಂಜುವುದು ಸಹಜ. ಅಂಜಿಕೆಗೆ ಕಾರಣವೂ ಇದೆ. ಆದುದರಿಂದ ವಿದ್ಯಾರ್ಥಿ ಮಿತ್ರರು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಹಿರಿಯರೊಬ್ಬರು ಜೊತೆಗಿಲ್ಲದೆ ಫರ್ಮ್‌ವೇರಿನ ಪುಟಕ್ಕೆ ಕೈ ಹಾಕಬೇಡಿ. ಅರ್ಥವಾಗದ ಸಾಲನ್ನು ಮುಟ್ಟಬೇಡಿ, ಅದರಲ್ಲೂ ಟಿ.ಪಿ.ಎಂ.ನ ಬಳಿ ‘ಕ್ಲಿಯರ್’ ಎಂದಿರುವುದನ್ನು ಒತ್ತಬೇಡಿ, ಅದು ಪೆಟ್ಟಿಗೆಯೊಳಗಿನ ಕೀಲಿಗಳನ್ನೇ ಅಳಿಸಿಬಿಡುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ 48 ಅಂಕಿಗಳ ಮರುಪಡೆವ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟ ಮೇಲಷ್ಟೆ ಮುಂದುವರಿಯಿರಿ. ಸೆಟ್ಟಿಂಗ್ ಬದಲಾದಾಗ ಯಂತ್ರ ಅದನ್ನು ಕೇಳಬಹುದು. ಫರ್ಮ್‌ವೇರನ್ನೇ ಹೊಸತು ಮಾಡುವ ಕೆಲಸದ ನಡುವೆ ಕರೆಂಟು ಹೋದರೆ ಯಂತ್ರ ಏಳದೇ ಹೋದೀತು. ತಿಳಿದವರ ನೆರವಿಲ್ಲದೆ ಅದಕ್ಕೆ ತೊಡಗಬೇಡಿ. ಶಾಲೆಯ ಪ್ರಯೋಗಾಲಯದ ಯಂತ್ರಗಳಂತೂ ಸಾರ್ವಜನಿಕರ ಸೊತ್ತು. ಅವುಗಳ ಮೇಲೆ ಪ್ರಯೋಗ ಸಲ್ಲದು.

ಶಾಲೆಗೂ ನನ್ನದೊಂದು ಸಲಹೆಯಿದೆ. ನಮ್ಮಲ್ಲಿ ಲಿಟಲ್ ಕೈಟ್ಸ್ ಘಟಕವಿದೆ, ಉತ್ಸಾಹಿ ಮಕ್ಕಳಿದ್ದಾರೆ. ವರ್ಷಕ್ಕೆ ಎರಡು ಶನಿವಾರ ಅವರು ಅಧ್ಯಾಪಕರ ಜೊತೆಗೂಡಿ ‘ಯಂತ್ರದ ಜಾತಕ’ ಬರೆಯುವ ಕಾರ್ಯಕ್ರಮ ನಡೆಸಲಿ. ಪ್ರತಿಯೊಂದು ಮನೆಯ ಕಂಪ್ಯೂಟರಿಗೂ ಒಂದು ಹಾಳೆ. ಪ್ರೊಸೆಸರ್ ಯಾವುದು, ಸ್ಮೃತಿ ಎಷ್ಟು, ಆರಂಭದ ಕ್ರಮ ಯಾವುದು, ಡಿಸ್ಕಿನ ಪಟ್ಟಿ ಯಾವ ಬಗೆಯದು, ಟಿ.ಪಿ.ಎಂ. ಎಚ್ಚರವಿದೆಯೆ ಮಲಗಿದೆಯೆ, ಯಾವ ತಾರೀಕಿನಂದು ಯಾರು ಏನನ್ನು ಬದಲಿಸಿದರು, ಇಷ್ಟನ್ನು ಕನ್ನಡದಲ್ಲಿ ಬರೆದಿಟ್ಟರೆ ಸಾಕು. ಹಾಳೆ ಕೈಯಲ್ಲಿದ್ದರೆ ಹೆತ್ತವರು ಅಂಗಡಿಗೆ ಹೋಗಿ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ. “ಇದರಲ್ಲಿ ಯಾವುದು ಇಲ್ಲ, ತೋರಿಸಿ” ಎಂದು ಕೇಳಬಹುದು. ಪರದೆಯ ಮಾತು ಇಂಗ್ಲಿಷಿನಲ್ಲಿದ್ದರೇನು? ಗಡಿನಾಡಿನ ಮಕ್ಕಳಾದ ನಾವು ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡಿ ಬೆಳೆದವರು. ಒಂದು ಭಾಷೆಯಲ್ಲಿ ಕಂಡದ್ದನ್ನು ಇನ್ನೊಂದರಲ್ಲಿ ಬರೆದು ಅರ್ಥಮಾಡಿಕೊಳ್ಳುವ ವಿದ್ಯೆ ನಮಗೆ ಹೊಸತಲ್ಲ.

ಆ ಹುಡುಗಿ ತನ್ನ ನೋಟುಪುಸ್ತಕದಲ್ಲಿ ಆ ದಿನ ಬರೆದ ಸಾಲು ಇದು: “ಚಿಪ್ ಇದೆ. ಮಲಗಿತ್ತು. ಎಬ್ಬಿಸಿದೆವು.” ಮೂರು ವಾಕ್ಯಗಳಲ್ಲಿ ಒಂದು ‘ಅಂತೆ’ಯೂ ಇಲ್ಲ. ಕಣ್ಣಾರೆ ಕಂಡವರಿಗೆ, ಕೈಯಾರೆ ಮಾಡಿದವರಿಗೆ ಅದು ಬೇಕಾಗುವುದೂ ಇಲ್ಲ. ನಮ್ಮ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ, ಕಂಪ್ಯೂಟರಿನ ವಿಷಯದಲ್ಲಿ ಮಾತ್ರವಲ್ಲ, ಬೇರೆ ಯಾವ ವಿಷಯದಲ್ಲಿಯೂ, ಯಾರೋ ‘ಆಗದು’ ಎಂದರೆಂದು ಕೈಕಟ್ಟಿ ಕೂರದೆ, ಒಳಗೆ ಇಣುಕಿ ನೋಡಿ ತಾನೇ ತಿಳಿದು ಮಾತನಾಡುವಂತಾಗಲಿ ಎಂದು ಹಾರೈಸುತ್ತೇನೆ.